ನಾನೇ ಆರಿಸಿದ ಟಿಕೆಟು

ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ತಲಪಾಡಿ ಗಡಿಯ ಈಚೆ, ಕೇರಳಕ್ಕೆ ಸೇರಿದ ನಮ್ಮ ಮಂಜೇಶ್ವರ, ಹೊಸಂಗಡಿ, ಉಪ್ಪಳದ ಕಡೆ ಅದು ಸರಕಾರದ್ದೇ ವ್ಯಾಪಾರ. ಅಂಗಡಿಯೊಂದರ ಎದುರು ನಿಂತು ನೋಡಿ. ಮಾರುವವನು ಮೇಲಿನ ಟಿಕೆಟನ್ನು ಕೊಡಹೋದರೆ ಗಿರಾಕಿ ಕೈ ಚಾಚುವುದಿಲ್ಲ. ಹಲಗೆಗೆ ಸಿಕ್ಕಿಸಿದ ಸಾಲುಗಳ ಮೇಲೆ ಕಣ್ಣಾಡಿಸುತ್ತಾನೆ, ಕೊನೆಯ ನಾಲ್ಕು ಅಂಕಿಗಳನ್ನು ಮನಸ್ಸಿನಲ್ಲೇ ಕೂಡಿಸುತ್ತಾನೆ, ಒಂದನ್ನು ಎಳೆದು ಪುನಃ ಸಿಕ್ಕಿಸಿ ಇನ್ನೊಂದನ್ನು ಎಳೆಯುತ್ತಾನೆ. ಹಣ ಕೊಡುವಾಗ ಮಾತ್ರ "ಯೋಗ ಇದ್ದರೆ ಬರುತ್ತದೆ" ಎನ್ನುತ್ತಾನೆ. ಯೋಗವೇ ಎಲ್ಲ ಆಗಿದ್ದರೆ ಅಷ್ಟು ಹೊತ್ತು ಹುಡುಕಿದ್ದೇಕೆ?

ಅಮೆರಿಕದ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಕಚೇರಿ ನೌಕರರಿಗೆ ಒಂದು ಡಾಲರಿನ ಲಾಟರಿ ಟಿಕೆಟು ಮಾರಲಾಯಿತು. ಕೆಲವರು ತಾವೇ ಆರಿಸಿಕೊಂಡರು, ಉಳಿದವರು ಕೊಟ್ಟದ್ದನ್ನು ತೆಗೆದುಕೊಂಡರು. ಡ್ರಾಕ್ಕೆ ಮೊದಲು "ಎಷ್ಟಕ್ಕೆ ಬಿಟ್ಟುಕೊಡುತ್ತೀರಿ?" ಎಂದು ಕೇಳಿದಾಗ, ಕೊಟ್ಟದ್ದನ್ನು ಪಡೆದವರು ಸರಾಸರಿ 1.96 ಡಾಲರ್ ಹೇಳಿದರು, ಆರಿಸಿದವರು 8.67! ಗೆಲ್ಲುವ ಸಾಧ್ಯತೆ ಇಬ್ಬರಿಗೂ ಒಂದೇ. ಲ್ಯಾಂಗರ್ ಇದನ್ನು ನಿಯಂತ್ರಣದ ಭ್ರಮೆ ಎಂದು ಕರೆದರು.

ಕೇರಳ ಲಾಟರಿಯ ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. 2022ರ ಓಣಂ ಬಂಪರ್ 25 ಕೋಟಿ, ಅಂದರೆ ಐದು ಸಾವಿರ ಪಟ್ಟು. ಮೊತ್ತ ಎಷ್ಟೇ ಬೆಳೆದರೂ ಅಂಕಿ ಕೂಡಿಸಿ ಆರಿಸುವ ಕೈಗೆ ಅದೃಷ್ಟ ಹೆಚ್ಚಿಗೆ ಒಲಿಯುವುದಿಲ್ಲ.

ಈ ಭ್ರಮೆಯ ಬೇರು ಆಳದಲ್ಲಿದೆ, ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಲಂಡನ್ನಿನಲ್ಲಿ ಪ್ಯಾಟ್ರಿಕ್ ಹ್ಯಾಗಾರ್ಡ್ ಮತ್ತು ಸಂಗಡಿಗರು 2002ರಲ್ಲಿ ಜನರಿಂದ ಗುಂಡಿ ಒತ್ತಿಸಿದರು; ಕಾಲು ಸೆಕೆಂಡಿನ ನಂತರ ಒಂದು ಸದ್ದು. ಎರಡೂ ಯಾವಾಗ ಆದವು ಎಂಬುದನ್ನು ಗಡಿಯಾರದ ಮುಳ್ಳು ನೋಡಿ ಹೇಳಬೇಕು. ಸ್ವಇಚ್ಛೆಯಿಂದ ಒತ್ತಿದವರಿಗೆ ಒತ್ತಿದ್ದು ನಿಜಕ್ಕಿಂತ ತಡವಾಗಿ, ಸದ್ದು ನಿಜಕ್ಕಿಂತ ಬೇಗ ಆದಂತೆ ಕಂಡಿತು. ಮಾಲೆ ಕಟ್ಟುವವರು ಮೊಗ್ಗುಗಳನ್ನು ಒತ್ತಿ ಹತ್ತಿರ ತರುತ್ತಾರಲ್ಲ, ಮೆದುಳು ಕ್ರಿಯೆಯನ್ನೂ ಫಲವನ್ನೂ ಹಾಗೆ ಒತ್ತಿ ಕಟ್ಟಿತ್ತು. ಅದೇ ಬೆರಳನ್ನು ತಲೆಯ ಮೇಲಿಟ್ಟ ಕಾಂತೀಯ ಸ್ಪಂದನದಿಂದ ತಾನಾಗಿ ಅದುರುವಂತೆ ಮಾಡಿದರೆ ಫಲಿತಾಂಶ ತಿರುಗುಮುರುಗು: ಅಂತರ ಹಿಗ್ಗಿತು. ಕಾಲು ಸೆಕೆಂಡಿನ ಈ ಆಟವನ್ನು ನೇರವಾಗಿ ಲಾಟರಿಗೆ ಎಳೆಯಬಾರದು, ನಿಜ. ಆದರೂ "ಇದು ನನ್ನಿಂದಾಯಿತು" ಎಂಬ ಭಾವ ಎಷ್ಟು ತಳಮಟ್ಟದಲ್ಲಿ ತಯಾರಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಪುರಾವೆ ನಾನು ಕಂಡಿಲ್ಲ.

ನಮ್ಮ ವಿಚಾರವಾದಿ ಗೆಳೆಯರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಹಣೆಬರಹವನ್ನು ನಂಬುವವನು ಮೂಢ, ಸ್ವಂತ ಇಚ್ಛೆಯನ್ನು ನಂಬುವವನು ವಿವೇಕಿ ಎಂಬುದು ಅವರ ಭಾಷಣದ ಸಾರ. ಮನೋವಿಜ್ಞಾನಿಗಳಾದ ಪಾಲಸ್ ಮತ್ತು ಕೇರಿ 2011ರಲ್ಲಿ ರೂಪಿಸಿದ ಪ್ರಶ್ನಾವಳಿ ಇಚ್ಛಾಸ್ವಾತಂತ್ರ್ಯ ಮತ್ತು ವಿಧಿಯ ನಂಬಿಕೆಗಳನ್ನು ಒಂದೇ ಗೆರೆಯ ಎರಡು ತುದಿಗಳಾಗಿ ನೋಡದೆ ಬೇರೆ ಬೇರೆಯಾಗಿ ಅಳೆಯುತ್ತದೆ. ಒಬ್ಬನಲ್ಲೇ ಎರಡೂ ಇರಬಹುದು. ತಾಂಬೂಲ ಪ್ರಶ್ನೆಯನ್ನೇ ನೋಡಿ: ಕೇಳಲು ಹೋದವನು ತಾನೇ ಒಯ್ದ ವೀಳ್ಯದೆಲೆಗಳ ಎಣಿಕೆಯ ಮೇಲೆ ಜೋಯಿಸರು ಫಲ ಹೇಳುತ್ತಾರೆ. ಹೀಗೆಯೇ ಆಗಬೇಕೆಂದು ಬರೆದಿದೆ ಎನ್ನುತ್ತಾರೆ, ಕೂಡಲೇ ಪರಿಹಾರವನ್ನೂ ಬರೆದುಕೊಡುತ್ತಾರೆ. ವಿಧಿ ಅಚಲವಾಗಿದ್ದರೆ ಪರಿಹಾರದ ಚೀಟಿಗೆ ಏನು ಕೆಲಸ? ಹೋದವನು ದಕ್ಷಿಣೆ ಕೊಟ್ಟದ್ದು ಆ ಚೀಟಿಗೇ.

ಇಚ್ಛಾಸ್ವಾತಂತ್ರ್ಯದ ನಂಬಿಕೆ ಸಡಿಲವಾದರೆ ಜನ ಹೆಚ್ಚು ಮೋಸ ಮಾಡುತ್ತಾರೆ ಎಂದು 2008ರಲ್ಲಿ ಸಂಶೋಧಕರಾದ ವೋಸ್ ಮತ್ತು ಸ್ಕೂಲರ್ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಮುಂದೆ ಅದನ್ನು ಮರುಪರೀಕ್ಷಿಸಿದವರಿಗೆ ಆ ಫಲಿತಾಂಶ ಸಿಗಲಿಲ್ಲ. ಅದು ಅಲ್ಲಿಗೇ ಇರಲಿ.

ನೂರು ವರ್ಷಗಳ ಹಿಂದೆ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದು ಇದಕ್ಕಿಂತ ಗಟ್ಟಿ: ಹಿನ್ನೀರಿನ ಮೀನುಗಾರಿಕೆಗೆ ಮಂತ್ರವಿಲ್ಲ, ಅಪಾಯದ ತೆರೆದ ಕಡಲಿಗೆ ಬೇಕಾದಷ್ಟು ಇದೆ. ನಮ್ಮ ಅಡಿಕೆ ತೋಟಗಳಲ್ಲೂ ಕೊಳೆರೋಗಕ್ಕೆ ಮದ್ದು ಬಿಡುವವರು ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಜೋಯಿಸರಲ್ಲಿ ಕೇಳುವುದಿಲ್ಲ. ಹರಕೆ ಹೇಳಿಕೊಳ್ಳುವುದು ಆಷಾಢದ ಮಳೆ ಬಿಡುವು ಕೊಡದಿದ್ದಾಗ.