ಮರಳುಗಾಡಿಗೆ ಸೈಕಲ್ ಟೂರ್: ಮೊದಲು ನೀರಿನ ಲೆಕ್ಕ ಹಾಕಿ

ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸಿದವರಿಗೆಲ್ಲ ಒಂದು ಧೈರ್ಯ ಬಂದಿರುತ್ತದೆ. ಚಿಕ್ಕಬಳ್ಳಾಪುರದಿಂದ ಗುಂಪು ಕಟ್ಟಿಕೊಂಡು ದೂರದ ಟೂರ್ ಮಾಡಿಸುವುದು ನನ್ನ ಕೆಲಸ. ರಾಜಸ್ಥಾನದ ಥಾರ್ ಅಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಕಿಲೋಮೀಟರ್ ಅಣ್ಣಾ?" ಅಲ್ಲಿ ಏರು ಇಲ್ಲ, ರಸ್ತೆ ಚೆನ್ನಾಗಿದೆ, ನೂರಿಪ್ಪತ್ತು ಹೊಡೆಯಬಹುದಲ್ವಾ ಅಂತ. ಹೊಡೆಯಬಹುದು, ಗಾಳಿ ಬೆನ್ನಿಗಿದ್ದರೆ.

ಎದುರು ಗಾಳಿ ಬಂತು ಅಂದುಕೊಳ್ಳಿ. ಗಂಟೆಗೆ 20 ಕಿ.ಮೀ. ಹೋಗುತ್ತಿದ್ದವರು 12ಕ್ಕೆ ಇಳಿಯುತ್ತಾರೆ. 60 ಕಿ.ಮೀ. ದಾರಿಗೆ ಮೂರು ಗಂಟೆ ಸಾಕಿತ್ತು, ಈಗ ಐದು ಬೇಕು. ಚಳಿಗಾಲದಲ್ಲೂ ತುಳಿಯುವಾಗ ಗಂಟೆಗೆ ಮುಕ್ಕಾಲು ಲೀಟರ್ ನೀರು ಅಂತ ಹಿಡಿದರೆ, ಎರಡೂಕಾಲು ಲೀಟರ್ ಒಯ್ದವರಿಗೆ ಒಂದೂವರೆ ಲೀಟರ್ ಕಮ್ಮಿ ಬಿತ್ತು. ರಸ್ತೆ ಅದೇ, ದೂರವೂ ಅದೇ. ಅದಕ್ಕೇ ನಾನು ನೀರನ್ನು ಕಿಲೋಮೀಟರ್ ಮೇಲೆ ಲೆಕ್ಕ ಹಾಕುವುದಿಲ್ಲ, ಗಂಟೆ ಮೇಲೆ ಹಾಕುತ್ತೇನೆ. ಅದೂ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರ ಗಂಟೆ. ಮುಂದಿನ ಖಾತ್ರಿ ನೀರು ಎರಡು ಗಂಟೆ ದೂರ ಇದ್ದರೆ ಸೈಕಲ್ ಮೇಲೆ ನಾಲ್ಕು ಗಂಟೆಯ ನೀರು ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಖಾತ್ರಿ ನೀರು ಅಂದರೆ ಏನು? ಮ್ಯಾಪಿನಲ್ಲಿ ಊರಿನ ಹೆಸರು ಕಂಡರೆ ಸಾಲದು. ಅಂಗಡಿ ಹಬ್ಬಕ್ಕೆ ಬಾಗಿಲು ಹಾಕಿರಬಹುದು. ಥಾರ್‌ನ ಎಷ್ಟೋ ಬಾವಿಗಳ ನೀರು ಉಪ್ಪು, ಕುಡಿದರೆ ಹೊಟ್ಟೆ ಕೆಡುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿ ಫ್ಲೋರೈಡ್ ನೀರು ಕಂಡಿರುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಒಂದು ಗಾಡಿ ಇರಲೇಬೇಕು. ಕುಡಿಯಲು, ಅಡುಗೆಗೆ, ಕೈಕಾಲು ಮುಖಕ್ಕೆ ಸೇರಿ ದಿನಕ್ಕೆ ತಲೆಗೆ ಎಂಟು ಲೀಟರ್ ಹಿಡಿಯಿರಿ. ಹತ್ತು ಜನಕ್ಕೆ 80 ಲೀಟರ್, ಅಂದರೆ ನಾಲ್ಕು ಕ್ಯಾನ್. ಐದನೇದು ಒಂದು ಇರಲಿ, ಗಾಡಿಯೂ ಕೆಡುತ್ತದೆ.

ದಾರಿ ಹೀಗೆ ಹಾಕಬಹುದು. ಜೋಧ್‌ಪುರದಿಂದ ಒಸಿಯಾಂ ಸುಮಾರು 65 ಕಿ.ಮೀ. ಅಲ್ಲಿಂದ ಫಲೋದಿ, ಆಮೇಲೆ ರಾಮದೇವ್ರಾ ಮೇಲೆ ಪೋಖರಣ್. ಫಲೋದಿ ಹೆಸರು ನೆನಪಿರಬಹುದು, 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾದ ಊರು. ನಾವು ಹೋಗುವುದು ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾತ್ರ. ಫಲೋದಿಯಲ್ಲಿ ಒಂದು ದಿನ ಉಳಿಯಿರಿ, ಪಕ್ಕದ ಖೀಚನ್‌ಗೆ ಚಳಿಗಾಲದಲ್ಲಿ ಡೆಮೊಯಿಸೆಲ್ ಕ್ರೇನ್ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಕಾಲಿಗೂ ರೆಸ್ಟ್ ಸಿಗುತ್ತದೆ. ಪೋಖರಣ್‌ನಿಂದ ಜೈಸಲ್ಮೇರ್ ಸುಮಾರು 110 ಕಿ.ಮೀ., ಇದನ್ನು ಒಂದೇ ದಿನ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಎರಡು ದಿನ ಮಾಡುತ್ತೇನೆ.

ಕಾರಣ ಬೆಳಕು. ನಮ್ಮೂರಲ್ಲಿ ಐದೂವರೆಗೆ ಹೊರಟು ಅಭ್ಯಾಸ ಅಲ್ವಾ? ಜೈಸಲ್ಮೇರ್ ದೇಶದ ಪಶ್ಚಿಮದ ತುದಿ, ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ. ಐದೂವರೆಗೆ ಹೊರಟರೆ ಒಂದು ಗಂಟೆಗೂ ಜಾಸ್ತಿ ಕತ್ತಲಲ್ಲೇ ತುಳಿಯಬೇಕು. ಆ ಕತ್ತಲಲ್ಲಿ ರಸ್ತೆ ಮೇಲೆ ಒಂಟೆ, ದನ, ಲೈಟಿಲ್ಲದ ಟ್ರ್ಯಾಕ್ಟರ್. ಸಂಜೆ ಆರರ ಹೊತ್ತಿಗೆ ಮತ್ತೆ ಕತ್ತಲು. ಚಳಿಯೂ ಜೋರು, ರಾತ್ರಿ ಒಂದಂಕಿಗೆ ಇಳಿಯುತ್ತದೆ, ಮರಳುಗಾಡು ಅಂತ ಸ್ವೆಟರ್ ಬಿಟ್ಟು ಬರುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಬೆವರಿನ ವಿಷಯ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ತಕ್ಷಣ ಆರಿಹೋಗುತ್ತದೆ. ಮಂಗಳೂರಿನಲ್ಲಿ ತುಳಿದರೆ ಅಂಗಿ ತೊಪ್ಪೆ ಆಗುತ್ತದೆ, ಇಲ್ಲಿ ಮೈ ಒಣಗಿಯೇ ಇರುತ್ತದೆ. ಹಾಗಾಗಿ ಮಧ್ಯಾಹ್ನ ನಿಂತಾಗ ನಾನು ಎಲ್ಲರ ಬೆನ್ನು ನೋಡುತ್ತೇನೆ. ಬ್ಯಾಗಿನ ಪಟ್ಟಿ ಕೂತ ಜಾಗದ ಅಂಚಿನಲ್ಲಿ, ಹೆಲ್ಮೆಟ್ ಪಟ್ಟಿಯಲ್ಲಿ ಬಿಳಿ ಗೆರೆ ಎದ್ದಿರುತ್ತದೆ. ಅದು ಉಪ್ಪು. ಗೆರೆ ದಪ್ಪ ಇದ್ದವರಿಗೆ ಬರೀ ನೀರು ಸಾಲದು, ಓಆರ್‌ಎಸ್ ಕೊಡಬೇಕು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಮಟ್ಟ ಮಾಡಿದ್ದು, ಗುಡ್ಡೆ ಹಾಕಿದ್ದಲ್ಲ. ಢಾಬಾಗಳಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಗುತ್ತದೆ, ಸಜ್ಜೆ ರೊಟ್ಟಿ ಜೊತೆ ಕುಡಿಯಿರಿ. ರಾಗಿ ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಸಜ್ಜೆ ಚೆನ್ನಾಗೇ ಒಗ್ಗುತ್ತದೆ.

ನೀರು ಕುಡಿಯಿರಿ ಅಂದರೆ ಕೆಲವರು ಸುಮ್ನೆ ಕುಡಿಯುತ್ತಲೇ ಇರುತ್ತಾರೆ. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಬೆರಳಿನ ಉಂಗುರ ಬಿಗಿಯಾಗುವುದು. ಅಂಥವರಿಗೆ ಇನ್ನಷ್ಟು ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸಿಲಿನ ಹೊಡೆತ ಬೇರೆ. ಸೈಕಲ್ ಓಲಾಡುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತದೆ, ಮೈ ಕೆಂಡ. ಆಗ ಮೊದಲು ಮೈ ತಣ್ಣಗೆ ಮಾಡಿ, ಆಮೇಲೆ ಸಾಗಿಸಿ: ನೆರಳಿಗೆ ಮಲಗಿಸಿ, ನೀರು ಸುರಿದು ಬೀಸುತ್ತಲೇ ಇರಿ, ಒಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕಷ್ಟ ಏನು ಗೊತ್ತಾ, ಯಾರೂ ಬಾಯಿ ಬಿಡುವುದಿಲ್ಲ. "ಏನೂ ಇಲ್ಲ ಅಣ್ಣಾ, ಇನ್ನೊಂದು ಹತ್ತು ಕಿಲೋಮೀಟರ್ ತಾನೆ" ಅಂತಾರೆ. ಗುಂಪಿನ ಮುಂದೆ ಮರ್ಯಾದೆ ಪ್ರಶ್ನೆ. ಆದ್ದರಿಂದ ಕೇಳುವ ಕೆಲಸವನ್ನು ಒಬ್ಬರಿಗೆ ವಹಿಸಿ. ಅವರು ಅನುಭವಸ್ಥರಾಗಿರಲಿ, ಯಾವಾಗಲೂ ಗುಂಪಿನ ಕಡೆಯಲ್ಲಿ ಇರಲಿ, ಅವರ ಹಿಂದೆ ಯಾರೂ ಉಳಿಯಬಾರದು. ಅವರು ನಿಲ್ಲು ಅಂದರೆ ಇಡೀ ಗುಂಪು ನಿಲ್ಲಬೇಕು, ನಾನೂ ಸೇರಿ. ಹೊರಡುವ ಮುಂಚೆ ಎಲ್ಲರ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಳ್ಳಿ. ಬಿಪಿಗೆ ಕೊಡುವ ಕೆಲವು ಮಾತ್ರೆ ಮೂತ್ರ ಜಾಸ್ತಿ ಮಾಡುತ್ತವೆ, ಅಂಥವರು ಡಾಕ್ಟರನ್ನು ಕೇಳದೆ ಬರಬಾರದು.

ಸೈಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈರ್ ಅಗಲ ಇರಲಿ, ಚೈನಿಗೆ ಒಣ ಲೂಬ್ (ಹಚ್ಚಿದ ಮೇಲೆ ಒಣಗುವ ಲೂಬ್ರಿಕೆಂಟ್) ಹಾಕಿ, ಎಣ್ಣೆ ಹಚ್ಚಿದರೆ ಮರಳು ಮೆತ್ತಿಕೊಳ್ಳುತ್ತದೆ. ಮುಳ್ಳು ಮಾತ್ರ ನಮ್ಮದೇ, ನೆಗ್ಗಿಲು ಮತ್ತು ಬಳ್ಳಾರಿ ಜಾಲಿ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸಿ ಹೊರಟುಬಿಡಬೇಡಿ. ಟೈರ್ ಒಳಗೆ ಒಂದು ಬಟ್ಟೆ ಆಡಿಸಿ ನೋಡಿ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿನ ಮೊನೆ ಇರುತ್ತದೆ, ಚಿಮುಟದಲ್ಲಿ ಕೀಳಿ. ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಮತ್ತೆ ಕೂರಬೇಕು. ಇದನ್ನೆಲ್ಲ ಕಲಿಯಲು ಥಾರ್‌ಗೇ ಹೋಗಬೇಕಿಲ್ಲ. ಗೌರಿಬಿದನೂರು, ಮಧುಗಿರಿ ಮೇಲೆ ಪಾವಗಡಕ್ಕೆ ಎರಡು ದಿನ ಲಗೇಜ್ ಕಟ್ಟಿಕೊಂಡು ಹೋಗಿ ಬನ್ನಿ, ಯಾರು ನೀರು ಮರೆಯುತ್ತಾರೆ, ಯಾರು ಸುಸ್ತು ಮುಚ್ಚಿಡುತ್ತಾರೆ ಎಲ್ಲ ಗೊತ್ತಾಗುತ್ತದೆ.

ಜೈಸಲ್ಮೇರ್ ದಾಟಿ ಗಡಿ ಕಡೆ ಹೋಗುವ ಯೋಚನೆ ಇದ್ದರೆ ಅನುಮತಿ ಬೇಕೇ ಅಂತ ಅಲ್ಲಿನ ಪೊಲೀಸರನ್ನು ಮೊದಲೇ ಕೇಳಿ. ಸ್ಯಾಟಲೈಟ್ ಫೋನ್ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಇನ್ನು ರೈಲು. ಸೀಟು 60 ದಿನ ಮುಂಚೆ ಬುಕ್ ಆಗುತ್ತದೆ, ಆದರೆ ಪಾರ್ಸೆಲ್‌ಗೆ ಹಾಕಿದ ಸೈಕಲ್ ನಿಮ್ಮ ಗಾಡಿಯಲ್ಲೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಜೋಧ್‌ಪುರದಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳಿ.