ಚಹಾ ಮಾಡಿಸಿ ನೋಡುವ ಚಿಕಿತ್ಸೆ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಚೀಟಿಯಲ್ಲಿ ವೈದ್ಯರು ‘ಆಕ್ಯುಪೇಷನಲ್ ಥೆರಪಿ’ ಎಂದು ಬರೆದಾಗ, ಆಕ್ಯುಪೇಷನ್ ಎಂದರೆ ಉದ್ಯೋಗವೆಂದೇ ತಿಳಿದು, ನಿವೃತ್ತರಾದ ಅಪ್ಪನಿಗೆ ಈಗ ಉದ್ಯೋಗ ಕಲಿಸುವುದೇಕೆ ಎಂದು ಮನೆಯವರು ಕೇಳುವುದುಂಟು. ಸ್ನಾನ, ಊಟ, ಬಟ್ಟೆ ತೊಡುವುದು, ಮಕ್ಕಳಾದರೆ ಆಟ ಮತ್ತು ಬರವಣಿಗೆ, ಇವೇ ಈ ಚಿಕಿತ್ಸೆ ಗಮನಿಸುವ ಕೆಲಸಗಳು ಎಂದು ವಿವರಿಸಿದರೆ ಆ ಗೊಂದಲ ಬಗೆಹರಿಯುತ್ತದೆ. ಅಷ್ಟು ಸುಲಭವಾಗಿ ಅಳಿಯದಿರುವುದು ಆಸ್ಪತ್ರೆಗಳ ಒಳಗೂ ಬೇರೂರಿರುವ ಇನ್ನೊಂದು ನಂಬಿಕೆ: ಕಾಲಿಗೆ ಫಿಸಿಯೋಥೆರಪಿ, ಕೈಗೆ ಆಕ್ಯುಪೇಷನಲ್ ಥೆರಪಿ. ದೇಹವನ್ನು ಹೀಗೆ ಪಾಲು ಮಾಡಿಕೊಟ್ಟ ಪಂಚಾಯಿತಿ ಯಾವುದೋ!

ಸ್ನಾಯುಬಲ, ಕೀಲುಗಳ ಚಲನೆ, ನಡಿಗೆ ಫಿಸಿಯೋಥೆರಪಿಯ ಮುಖ್ಯ ಕಾಳಜಿಗಳು. ಆ ಬಲವನ್ನು ಬಳಸಿ ರೋಗಿ ತನ್ನ ದಿನಚರಿ ನಡೆಸಬಲ್ಲರೇ ಎಂಬುದು ಆಕ್ಯುಪೇಷನಲ್ ಥೆರಪಿಸ್ಟರ ಪ್ರಶ್ನೆ. ಮೆದುಳಿನ ಬಲಭಾಗಕ್ಕೆ ಪಾರ್ಶ್ವವಾಯುವಿನ ಪೆಟ್ಟು ಬಿದ್ದ ಮಹಿಳೆಯೊಬ್ಬರಿಗೆ ಚಹಾ ಮಾಡಲು ಹೇಳಿದ್ದಾರೆ ಎಂದುಕೊಳ್ಳಿ. ಕೈಗಳಲ್ಲಿ ಹಿಡಿತವಿದೆ, ಕಣ್ಣಿನ ದೃಷ್ಟಿ ಸರಿಯಿದೆ. ಪಾತ್ರೆಗೆ ನೀರು ಹಾಕಿ ಒಲೆ ಹಚ್ಚುತ್ತಾರೆ, ಆದರೆ ಎಡಗಡೆಯಲ್ಲೇ ಇರುವ ಸಕ್ಕರೆ ಡಬ್ಬಿಗಾಗಿ ಬಲಗಡೆಯೆಲ್ಲ ತಡಕಾಡುತ್ತಾರೆ. ಎಡಬದಿಯತ್ತ ಗಮನವೇ ಹರಿಯದ ಈ ಸ್ಥಿತಿಯಲ್ಲಿ ತಟ್ಟೆಯ ಎಡ ಅರ್ಧದ ಅನ್ನವೂ ಹಾಗೇ ಉಳಿಯುತ್ತದೆ, ಮನೆಯವರು ಅದನ್ನು ಹಸಿವಿಲ್ಲವೆಂದೋ ಹಟವೆಂದೋ ತಿಳಿಯುತ್ತಾರೆ. ಸ್ನಾಯುಬಲದ ಪರೀಕ್ಷೆಯೊಂದರಿಂದಲೇ ಇದು ತಿಳಿಯುವುದಿಲ್ಲ. ಥೆರಪಿಸ್ಟರು ಮೇಜಿನ ಎಡ ಅಂಚಿಗೆ ಗಾಢ ಬಣ್ಣದ ಪಟ್ಟಿ ಅಂಟಿಸಿ, ಅದು ಕಾಣುವವರೆಗೂ ತಲೆ ತಿರುಗಿಸುವ ಅಭ್ಯಾಸ ಮಾಡಿಸುತ್ತಾರೆ. ಒಲೆ ಆರಿಸಲು ಮರೆತರೆ ಅದು ಗಮನ ಮತ್ತು ನೆನಪಿನ ಬೇರೆಯದೇ ತೊಂದರೆಯ ಸೂಚನೆ.

ಆಕ್ಯುಪೇಷನಲ್ ಥೆರಪಿಯೆಂದರೆ ಬುಟ್ಟಿ ಹೆಣೆಸಿ ಹೊತ್ತು ಕಳೆಯಿಸುವ ವಿಭಾಗ ಎಂಬ ಇನ್ನೊಂದು ಕಲ್ಪನೆಗೆ ಮಾತ್ರ ಇತಿಹಾಸದ ಆಧಾರವಿದೆ. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಈ ವೃತ್ತಿಯ ಮೊದಲ ಸಂಘ ಹುಟ್ಟಿದ ಕಾಲದಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಇದರಲ್ಲಿ ಕರಕುಶಲ ಕೆಲಸವೇ ಪ್ರಧಾನ ಚಿಕಿತ್ಸೆಯಾಗಿತ್ತು. ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದು ಇದನ್ನು ಭಾರತಕ್ಕೆ ತಂದರು. ಇಂದಿಗೂ ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ಸೇವೆಯಲ್ಲಿ ಬೇಕರಿಯಿದೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯಿಂದ ಬಳಲಿದವರಿಗೆ ಅಂಥ ಕಡೆ ಬ್ರೆಡ್ಡಿನಷ್ಟೇ ಮುಖ್ಯವಾದುದು ಹೊತ್ತಿಗೆ ಸರಿಯಾಗಿ ಬರುವುದು, ಹಿಡಿದ ಕೆಲಸ ಮುಗಿಸುವುದು, ನಾಲ್ವರೊಡನೆ ಹೊಂದಿಕೊಳ್ಳುವುದು.

ಈ ಚಿಕಿತ್ಸೆ ಆಟಿಸಂ ಇರುವ ಮಕ್ಕಳಿಗಷ್ಟೇ ಎಂಬ ಭಾವನೆಯೂ ಈಚೆಗೆ ಹೆಚ್ಚಿದೆ. ಸುಟ್ಟಗಾಯ, ಸಂಧಿವಾತ, ಮರೆಗುಳಿತನ, ಬೆನ್ನುಹುರಿಯ ಪೆಟ್ಟು ಎಲ್ಲವೂ ಇದರ ವ್ಯಾಪ್ತಿಯಲ್ಲಿವೆ.

ನನಗೆ ಹೆಚ್ಚು ಹಾನಿಕರವೆನಿಸುವುದು ಇದನ್ನು ಎಲ್ಲ ಚಿಕಿತ್ಸೆ ಮುಗಿದ ಮೇಲಿನ ಉಪಚಾರವೆಂದು ಮುಂದೂಡುವುದು. ಅಮೆರಿಕದ ಆಸ್ಪತ್ರೆಗಳ ಖರ್ಚನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಆಕ್ಯುಪೇಷನಲ್ ಥೆರಪಿಗೆ ಹೆಚ್ಚು ವ್ಯಯಿಸಿದ ಕಡೆ ಹೃದಯವೈಫಲ್ಯ, ಹೃದಯಾಘಾತ ಮತ್ತು ನ್ಯುಮೋನಿಯಾ ರೋಗಿಗಳು ಮತ್ತೆ ದಾಖಲಾಗುವ ಪ್ರಮಾಣ ಕಡಿಮೆಯಿತ್ತು. ಈ ಸಂಬಂಧವನ್ನೇ ಕಾರಣವೆಂದು ಹೇಳಲಾಗದು. ಆದರೂ ಬಿಡುಗಡೆಗೆ ಮುನ್ನ ಥೆರಪಿಸ್ಟರು ಕೇಳುವ ಪ್ರಶ್ನೆಗಳನ್ನು ನೋಡಿದರೆ ಅದರಲ್ಲಿ ಅಚ್ಚರಿಯೇನಿಲ್ಲ: ಸ್ಟ್ರಿಪ್‌ನಿಂದ ಮಾತ್ರೆಯನ್ನು ಇವರೇ ಬಿಡಿಸಿ ತೆಗೆಯಬಲ್ಲರೇ, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ಶೌಚಾಲಯದಲ್ಲಿ ಕುಕ್ಕುರುಗಾಲಿನಿಂದ ಏಳಲು ಹಿಡಿಯುವುದಕ್ಕೆ ಕಂಬಿಯಿದೆಯೇ?