ಮ್ಯಾಂಟಿಸ್ ಕಣ್ಣಿನ ಕರಿಚುಕ್ಕಿ

ಸಾಕಿದ ವಿದೇಶಿ ಮ್ಯಾಂಟಿಸ್‌ಗಳ (ಮುಂಗಾಲು ಮಡಚಿ ಬೇಟೆಗೆ ಕಾಯುವ ಕೀಟ) ಫೋಟೊ ಕೆಳಗೆ ಒಂದು ಅಡಿಬರಹ ತಪ್ಪುವುದೇ ಇಲ್ಲ: ‘ನೋಡಿ, ನನ್ನನ್ನೇ ಹೇಗೆ ದುರುಗುಟ್ಟಿ ನೋಡ್ತಿದೆ!’ ಆಗ್ನೇಯ ಏಷ್ಯಾದ ಆರ್ಕಿಡ್ ಮ್ಯಾಂಟಿಸ್ ಇರಲಿ, ಮಡಗಾಸ್ಕರಿನ ತರಗೆಲೆಯಂಥ ಘೋಸ್ಟ್ ಮ್ಯಾಂಟಿಸ್ ಇರಲಿ, ಉಬ್ಬಿದ ಕಣ್ಣಿನೊಳಗೆ ಒಂದು ಪುಟ್ಟ ಕರಿಚುಕ್ಕಿ. ನೀವು ಎಡಕ್ಕೆ ಸರಿದರೆ ಅದೂ ಸರಿಯುತ್ತದೆ. ಮೇಲೆದ್ದರೆ ಅದೂ ಏರುತ್ತದೆ. ತಲೆ ಕದಲಿಲ್ಲ, ಕಣ್ಣು ತಿರುಗಿಲ್ಲ, ಚುಕ್ಕಿ ಮಾತ್ರ ನಿಮ್ಮ ಬೆನ್ನು ಬಿಡುವುದಿಲ್ಲ. ಹೆಣ್ಣು ಗಂಡನ್ನು ತಿಂದೇ ತಿನ್ನುತ್ತದೆ ಎಂಬ ಕಥೆಯಲ್ಲಾದರೂ ಅರ್ಧ ನಿಜವಿದೆ, ಹಸಿದ ಹೆಣ್ಣು ತಿನ್ನುವುದುಂಟು. ಚುಕ್ಕಿ ದುರುಗುಟ್ಟುವ ಕಥೆಯಲ್ಲಿ ಅಷ್ಟೂ ಇಲ್ಲ. ಕಿರುಗಣ್ಣುಗಳು ಕೂಡಿ ಆದ ಮ್ಯಾಂಟಿಸ್‌ನ ಸಂಯುಕ್ತ ಕಣ್ಣಿಗೆ ಪಾಪೆಯೇ ಇಲ್ಲವಲ್ಲ!

ಹಾಗಾದರೆ ಚುಕ್ಕಿ ಎಲ್ಲಿಂದ ಬಂತು? ಪಪ್ಪಾಯಿ ಎಲೆಯ ಟೊಳ್ಳು ತೊಟ್ಟುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ಕಟ್ಟು ಕಟ್ಟಿ. ಒಳತುದಿಗಳು ಒತ್ತಾಗಿರಲಿ, ಹೊರತುದಿಗಳು ಸುತ್ತಲೂ ಹರಡಿಕೊಳ್ಳಲಿ. ಪ್ರತಿ ತೊಟ್ಟಿನ ತಳಕ್ಕೂ ಮಸಿ ಬಳಿಯಿರಿ. ಈಗ ಎದುರು ನಿಂತು ನೋಡಿದರೆ ನಿಮ್ಮ ಕಡೆಗೆ ನೇರವಾಗಿ ಬಾಯಿ ತೆರೆದಿರುವ ನಾಲ್ಕಾರು ತೊಟ್ಟುಗಳಲ್ಲಿ ಮಾತ್ರ ಮಸಿ ಕಾಣುತ್ತದೆ. ಉಳಿದವು ಓರೆಯಾಗಿರುವುದರಿಂದ ಅವುಗಳ ತಿಳಿಹಸಿರು ಒಳಗೋಡೆಯಷ್ಟೇ ಕಣ್ಣಿಗೆ ಬೀಳುತ್ತದೆ. ಅಂದರೆ ತಿಳಿಹಸಿರಿನ ನಡುವೆ ಒಂದು ಕರಿಚುಕ್ಕಿ! ನೀವು ಪಕ್ಕಕ್ಕೆ ಸರಿದರೆ ನಿಮಗೆ ಎದುರಾಗುವ ತೊಟ್ಟುಗಳೇ ಬೇರೆ, ಚುಕ್ಕಿಯ ಜಾಗವೂ ಬೇರೆ. ಕಟ್ಟು ಮಾತ್ರ ಇದ್ದಲ್ಲೇ ಇದೆ. ಪಕ್ಕದಲ್ಲಿ ನಿಂತ ಗೆಳೆಯನಿಗೆ ಅವನದೇ ಇನ್ನೊಂದು ಚುಕ್ಕಿ.

ಮ್ಯಾಂಟಿಸ್ ಕಣ್ಣಿನಲ್ಲಿ ತೊಟ್ಟುಗಳ ಬದಲು ಸಾವಿರಾರು ಒಮ್ಮಟಿಡಿಯಮ್‌ಗಳಿವೆ, ಒಂದೊಂದೂ ತುಸು ಬೇರೆ ದಿಕ್ಕಿಗೆ ಮುಖ ಮಾಡಿದ ಕಿರುಗಣ್ಣು. ನಿಮ್ಮ ಕಡೆ ನೇರ ಮುಖ ಮಾಡಿದವು ನಿಮ್ಮ ದಿಕ್ಕಿನ ಬೆಳಕನ್ನು ತಳದವರೆಗೂ ಎಳೆದುಕೊಂಡು ನುಂಗಿಬಿಡುತ್ತವೆ. ಹಾಗಾಗಿ ಕಪ್ಪು. ಸುತ್ತಲಿನವು ವರ್ಣಕಗಳಿಗೆ (ಬಣ್ಣದ ಕಣಗಳಿಗೆ) ತಾಗಿದ ಬೆಳಕನ್ನು ವಾಪಸು ಚೆಲ್ಲುತ್ತವೆ. ಹಾಗಾಗಿ ಹಸಿರು, ಬಿಳಿ, ಕಂದು. ಈ ಹುಸಿಪಾಪೆಯನ್ನು ಸೃಷ್ಟಿಸುವವರು ನೀವೇ, ಮ್ಯಾಂಟಿಸ್ ಅತ್ತ ಗಮನವನ್ನೇ ಕೊಟ್ಟಿರಲಿಕ್ಕಿಲ್ಲ. ಲೆನ್ಸ್ ತೀರಾ ಹತ್ತಿರ ಒಯ್ದರೆ ಎರಡೂ ಚುಕ್ಕಿಗಳು ಮೂಗಿನ ಕಡೆಗೆ (ಮೂಗಿದ್ದರೆ!) ಜಾರಿ ಪ್ರಾಣಿ ಮೆಳ್ಳೆಗಣ್ಣಿನದಾಗುತ್ತದೆ. ಜನ ಅದನ್ನೂ ‘ತಮಾಷೆಯ ಮುಖಭಾವ’ ಎನ್ನುತ್ತಾರೆ.

ಇದೇನು ಹೊಸ ಸಂಗತಿಯಲ್ಲ. ವಿಯೆನ್ನಾದ ಶರೀರಶಾಸ್ತ್ರಜ್ಞ ಸಿಗ್ಮಂಡ್ ಎಕ್ಸ್‌ನರ್ 1891ರಲ್ಲೇ ಸಂಯುಕ್ತ ಕಣ್ಣುಗಳ ಬಗ್ಗೆ ದೊಡ್ಡ ಗ್ರಂಥ ಬರೆದು ಹುಸಿಪಾಪೆಯನ್ನು ವಿವರಿಸಿದ್ದ. ಆಸಾಮಿ ಅಷ್ಟಕ್ಕೇ ನಿಲ್ಲಲಿಲ್ಲ, ಮಿಂಚುಹುಳುವಿನ ಕಣ್ಣನ್ನೇ ಲೆನ್ಸ್ ಮಾಡಿಕೊಂಡು ಕಿಟಕಿಯನ್ನೂ ಅದರಾಚೆಯ ಚರ್ಚನ್ನೂ ಫೋಟೊ ತೆಗೆದ. ಜೇನ್ನೊಣಗಳ ಕುಣಿತದ ಭಾಷೆ ಬಿಡಿಸಿ 1973ರ ನೊಬೆಲ್ ಹಂಚಿಕೊಂಡ ಕಾರ್ಲ್ ಫಾನ್ ಫ್ರಿಶ್‌ಗೆ ಈತ ಸೋದರಮಾವ. ಇಂಥ ಮನೆತನಗಳೂ ಇರುತ್ತವೆ.

ಹಾಗಾದರೆ ಮ್ಯಾಂಟಿಸ್ ನಮ್ಮನ್ನು ನೋಡುವುದೇ ಇಲ್ಲವೇ? ನೋಡುತ್ತದೆ, ಆದರೆ ಕತ್ತು ತಿರುಗಿಸಿ. ಕಣ್ಣಿನ ಮುಂಭಾಗದಲ್ಲಿ ಕಿರುಗಣ್ಣುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಒತ್ತಾಗಿ ನಿಂತ ಒಂದು ಜಾಗವಿದೆ. ಸ್ಪಷ್ಟವಾಗಿ ಕಾಣಬೇಕಾದ್ದನ್ನು ಅದು ಆ ಜಾಗಕ್ಕೆ ತಂದುಕೊಳ್ಳುತ್ತದೆ. 1983ರಲ್ಲಿ ಸಾಮ್ಯುಯೆಲ್ ರಾಸೆಲ್ ಎಂಬ ಸಂಶೋಧಕ ಮ್ಯಾಂಟಿಸ್ ಕಣ್ಣಿನ ಮುಂದೆ ಬೆಳಕನ್ನು ಬಾಗಿಸುವ ಪ್ರಿಸಮ್ ಇಟ್ಟಾಗ ಅದರ ದೂರದ ಅಂದಾಜು ತಪ್ಪಿತು. ಎರಡು ಕಣ್ಣಿನ ಚಿತ್ರಗಳನ್ನು ಹೋಲಿಸಿಯೇ ಅದು ದೂರ ಅಳೆಯುತ್ತದೆ ಎಂದು ಸಾಬೀತಾದದ್ದು ಹಾಗೆ. ಆಮೇಲೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜೆನ್ನಿ ರೀಡ್ ಅವರ ತಂಡ ಜೇನುಮೇಣದಿಂದ ನೀಲಿ-ಹಸಿರು ಪುಟಾಣಿ ಕನ್ನಡಕ ಅಂಟಿಸಿ ಮ್ಯಾಂಟಿಸ್‌ಗೆ ತ್ರೀಡಿ ಸಿನಿಮಾವನ್ನೇ ತೋರಿಸಿತು. ತೆರೆಯ ಮೇಲಿನ ಹುಳು ಹತ್ತಿರವಿದ್ದಂತೆ ಕಂಡಾಗ ಅದು ಮುಂಗಾಲು ಬೀಸಿತು.

ಫೋಟೊ ತೆಗೆಯುವವರಿಗೆ ಇದರಲ್ಲೊಂದು ಲಾಭವಿದೆ. ಒಂದೇ ದಿಕ್ಕಿನ ಕಿರುಗಣ್ಣುಗಳು ಹೆಚ್ಚಿರುವ ಕಡೆ ಚುಕ್ಕಿಯೂ ದೊಡ್ಡದು. ಲೆನ್ಸ್ ಪಕ್ಕ ಒಂದು ಕಡ್ಡಿ ಅಲ್ಲಾಡಿಸಿ. ತಲೆ ಇತ್ತ ತಿರುಗಿ, ಚುಕ್ಕಿ ಹಿಗ್ಗಿದರೆ, ಆಗ ಬೇಕಾದರೆ ‘ನನ್ನನ್ನೇ ನೋಡ್ತಿದೆ’ ಎಂದು ಬರೆದುಕೊಳ್ಳಿ. ಫೋಕಸ್ ಮಾತ್ರ ಚುಕ್ಕಿಗೆ ಬೇಡ. ಅದು ಕಣ್ಣಿನ ಒಳಗೆಲ್ಲೋ ಮುಳುಗಿದಂತೆ ಕಾಣುವುದರಿಂದ ಅದಕ್ಕೆ ಫೋಕಸ್ ಕೂಡಿಸಿದರೆ ಕಣ್ಣಿನ ಮೇಲ್ಮೈಯಲ್ಲಿ ಷಟ್ಕೋನಗಳಾಗಿ ಕಾಣುವ ಕಿರುಗಣ್ಣುಗಳು ಮಸುಕಾಗುತ್ತವೆ.

ಸಾಕುವವರಿಗೂ ಹುಸಿಪಾಪೆ ಗೊತ್ತಿರಬೇಕು. ನುಣ್ಣನೆಯ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟ ಮ್ಯಾಂಟಿಸ್, ಆಚೆಗೆ ದಾರಿಯಿದೆಯೆಂದು ನಂಬಿ ಗೋಡೆಗೆ ಕಣ್ಣು ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಅಲ್ಲೂ ಕಪ್ಪು ಕಲೆಯೇ. ನಿಮ್ಮ ತಲೆ ಆಚೀಚೆ ಮಾಡಿ ನೋಡಿ, ಸರಿದರೆ ಹುಸಿಪಾಪೆ, ಸರಿಯದಿದ್ದರೆ ಗಾಯ. ಗಾಯವಾದರೆ ಬಲೆಬಟ್ಟೆಯ ಗೂಡಿಗೆ ಬದಲಿಸಿ. ಬೆಳೆಯುತ್ತಿರುವ ಮರಿಯಾದರೆ ಮುಂದಿನ ಪೊರೆ ಕಳಚಿದಾಗ ಸಣ್ಣಪುಟ್ಟ ಗಾಯ ಮಾಯವಾಗುವುದುಂಟು. ಯುರೋಪಿನವರು ದೀಪದ ಶಾಖ ಕೊಟ್ಟು ಜೋಪಾನ ಮಾಡುವ ವಯಲಿನ್ ಮ್ಯಾಂಟಿಸ್ ದಕ್ಷಿಣ ಭಾರತದ, ಶ್ರೀಲಂಕಾದ ಒಣ ಕುರುಚಲಿನದು. ಅಲ್ಲಿನ ‘ಎಕ್ಸಾಟಿಕ್’ ಇಲ್ಲಿ ಮೂಲನಿವಾಸಿ.

ರಾತ್ರಿಯ ಗಾಬರಿ ಇನ್ನೊಂದು ಬಗೆಯದು. ಸಂಜೆ ಹಸಿರಾಗಿದ್ದ ಕಣ್ಣು ರಾತ್ರಿ ಪೂರ್ತಿ ಚಾಕಲೇಟ್ ಬಣ್ಣ, ಚುಕ್ಕಿಯೂ ನಾಪತ್ತೆ! ಕಾಯಿಲೆಯಲ್ಲ. ಕತ್ತಲಲ್ಲಿ ಸಿಕ್ಕಷ್ಟು ಬೆಳಕನ್ನು ಹಿಡಿಯಲು ಕಣ್ಣಿನ ವರ್ಣಕಗಳು ಜಾಗ ಬದಲಿಸುತ್ತವೆ, ಆಗ ಇಡೀ ಕಣ್ಣೇ ಕಪ್ಪಾಗುತ್ತದೆ. ವರ್ಣಕಗಳ ಈ ಸರಿದಾಟಕ್ಕೆ ಹೊತ್ತು ಹಿಡಿಯುತ್ತದೆ, ಕ್ಯಾಮೆರಾದ ಫ್ಲ್ಯಾಶ್ ಕ್ಷಣದ ಸಣ್ಣ ಚೂರಿನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಹಗಲಿನಷ್ಟು ಬೆಳಗಿದ ಫೋಟೊದಲ್ಲೂ ಸಿಗುವುದು ರಾತ್ರಿಯ ಕಣ್ಣೇ.